ಕಲ್ಲು ಹೊತ್ತಿಗೆ ಸಿಗುತ್ತದೆ, ಹಕ್ಕಿ ಸಿಗುವುದಿಲ್ಲ: ಬೆಲೀಜ್‌ನಲ್ಲಿ ಒಂದು ಹಗಲು

(ಹ್ಯೂಸ್ಟನ್‌ನ ಕನ್ನಡಿಗರ ವಾರಾಂತ್ಯದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಈ ಚಳಿಗಾಲದಲ್ಲಿ ಗ್ಯಾಲ್ವೆಸ್ಟನ್‌ನಿಂದ ಕ್ರೂಸ್ ಹೊರಡುವ ಮನೆಗಳು ನಮ್ಮಲ್ಲಿ ಬಹಳ ಇವೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳಿಗೆ ರಜೆ, ಒಂದು ವಾರ ಯಾರೂ ಅಡುಗೆಮನೆಗೆ ಕಾಲಿಡಬೇಕಾಗಿಲ್ಲ. ಟಿಕೆಟ್ ಬುಕ್ ಮಾಡುವ ತನಕ ಮನೆಯಲ್ಲಿ ಎಲ್ಲರದೂ ಒಂದೇ ಮಾತು. ಆಮೇಲೆ ಬಂದರುಗಳ ಪಟ್ಟಿ ತೆರೆಯುತ್ತೀರಿ. ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜ್‌ನ ಹೆಸರಿನ ಕೆಳಗೆ ಎರಡು ಸಾಲು ಚಿತ್ರಗಳು: ಒಂದರಲ್ಲಿ ಕಾಡು, ಗುಹೆ, ನದಿ, ಚಿರತೆಯಂಥ ಜಾಗ್ವಾರ್, ಇನ್ನೊಂದರಲ್ಲಿ ಅಲ್ಲಿನ ಪ್ರಾಚೀನ ಮಾಯಾ ಜನರ ಪಿರಮಿಡ್ಡು. ಅಪ್ಪ ಪಿರಮಿಡ್ಡು ಅನ್ನುತ್ತಾರೆ, ಮೊಮ್ಮಗ ಗುಹೆ ಅನ್ನುತ್ತಾನೆ, ಅಮ್ಮ "ನನ್ನನ್ನು ಎಲ್ಲಾದರೂ ನೆರಳಲ್ಲಿ ಕೂರಿಸಿ ನೀವು ಹೋಗಿಬನ್ನಿ" ಅನ್ನುತ್ತಾರೆ. ಅಲ್ಲಿಗೆ ಒಮ್ಮತ ಮುಗಿಯಿತು.

ಪ್ರಕೃತಿಯೋ ಪಾಳು ನಗರವೋ ಎಂಬ ಈ ಪ್ರಶ್ನೆಯ ಬಗ್ಗೆ ಮಾತಾಡಿ ಎಂದು ಕೇಳಿದ್ದೀರಿ. ನಾನು ಪುರಾತತ್ವದವನಲ್ಲ, ವನ್ಯಜೀವಿ ತಜ್ಞನೂ ಅಲ್ಲ. ಕಟ್ಟಡ ಕಟ್ಟುವ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರು. ಹಾಗಾಗಿ ನನ್ನ ಲೆಕ್ಕ ಮೊದಲು ಗಡಿಯಾರದಿಂದ ಶುರುವಾಗುತ್ತದೆ, ಆಮೇಲೆ ಕಲ್ಲಿಗೆ ಬರುತ್ತದೆ.

ಮೊದಲು, ಬೆಲೀಜನ್ನೇ ಯಾಕೆ ಹಿಡಿದುಕೊಂಡೆ ಎಂದು ಹೇಳಿಬಿಡುತ್ತೇನೆ. ಇಲ್ಲಿಂದ ಹೋಗುವ ಹಡಗುಗಳು ಸಾಮಾನ್ಯವಾಗಿ ನಿಲ್ಲುವುದು ಮೆಕ್ಸಿಕೋದ ಕೊಸುಮೆಲ್, ಕೋಸ್ಟಾ ಮಾಯಾ, ಹೊಂಡುರಾಸ್‌ನ ರೊವಾಟಾನ್, ಬೆಲೀಜ್. ಇವುಗಳಲ್ಲಿ ರೊವಾಟಾನ್‌ನಲ್ಲಿ ಆಯ್ಕೆಯ ತಲೆನೋವೇ ಇಲ್ಲ, ಅದು ಹವಳದ ದ್ವೀಪ, ನೀರಿಗೆ ಇಳಿಯಿರಿ. ಕೊಸುಮೆಲ್‌ನಲ್ಲೂ ಸಮುದ್ರವೇ ಮೇಲು. ಅಲ್ಲಿಂದ ತುಲುಮ್ ಎಂಬ ಮಾಯಾ ಪಾಳು ನಗರಕ್ಕೆ ಹೋಗಬೇಕೆಂದರೆ ಮೊದಲು ಫೆರಿ ಹತ್ತಿ ಪ್ಲಾಯಾ ಡೆಲ್ ಕಾರ್ಮೆನ್ ದಡ ಸೇರಬೇಕು, ಆಮೇಲೆ ಬಸ್ಸು, ವಾಪಸು ಬರುವಾಗ ಮತ್ತೆ ಇದೇ ಪುರಾಣ. ಕೋಸ್ಟಾ ಮಾಯಾದಿಂದ ಚಕ್ಚೋಬೆನ್ ಎಂಬ ಜಾಗ ಒಂದು ಗಂಟೆಯ ಹಾದಿ, ಸುತ್ತ ಒಳ್ಳೆಯ ಮರಗಳಿವೆ, ಆದರೆ ದೇಗುಲಗಳನ್ನು ಹತ್ತಲು ಬಿಡುವುದಿಲ್ಲ. ಎರಡೂ ಕಡೆಯಿಂದ ಸಮಸಮ ಎಳೆತ ಇರುವುದು ಬೆಲೀಜ್‌ನಲ್ಲಿ ಮಾತ್ರ. ಹವಳ ನೋಡುವ ಆಸೆಯನ್ನು ಕೊಸುಮೆಲ್‌ಗೋ ರೊವಾಟಾನ್‌ಗೋ ಮೀಸಲಿಡಿ. ಬೆಲೀಜ್‌ನ ತೀರದುದ್ದಕ್ಕೆ ಸುಮಾರು 300 ಕಿಲೋಮೀಟರು ಹವಳದ ದಂಡೆ ಇದೆ, 1996ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಎಲ್ಲ ನಿಜ. ಆದರೂ ಬೆಲೀಜ್ ದಿನವನ್ನು ನೆಲಕ್ಕೆ ಕೊಡಿ ಎಂಬುದು ನನ್ನ ಮಾತು.

ಆ ಹವಳದ ದಂಡೆಯಿಂದಲೇ ನಮ್ಮ ಗಡಿಯಾರದ ತೊಂದರೆ ಶುರು. ಬೆಲೀಜ್ ನಗರದ ಮುಂದಿನ ಸಮುದ್ರ ಆಳವಿಲ್ಲ. ದೊಡ್ಡ ಹಡಗು ದಡಕ್ಕೆ ಬರಲಾರದು, ಮೈಲಿಗಟ್ಟಲೆ ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿಂದ ಟೆಂಡರ್ ಎಂಬ ಸಣ್ಣ ದೋಣಿಗಳು ನಿಮ್ಮನ್ನು ದಡಕ್ಕೆ ತರುತ್ತವೆ. ದೋಣಿಯ ಪ್ರಯಾಣ ಇಪ್ಪತ್ತು ಮೂವತ್ತು ನಿಮಿಷ, ಸರದಿಯಲ್ಲಿ ಕಾಯುವ ಹೊತ್ತು ಬೇರೆ. ಹಡಗು ಬೆಳಿಗ್ಗೆ ಎಂಟಕ್ಕೆ ಬಂತು, ಸಂಜೆ ಐದಕ್ಕೆ ಹೊರಡುತ್ತದೆ ಎಂದು ಕಾಗದದಲ್ಲಿ ನೋಡಿದವರು ಒಂಬತ್ತು ಗಂಟೆ ಇದೆಯಲ್ಲ ಎಂದುಕೊಳ್ಳುತ್ತಾರೆ. ಕೊನೆಯ ಟೆಂಡರ್ ಹಡಗು ಹೊರಡುವುದಕ್ಕಿಂತ ಬಹಳ ಮೊದಲೇ ಹೊರಟುಬಿಡುತ್ತದೆ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಎಂದು ಕಳೆದುಬಿಡಿ. ಉಳಿದದ್ದರಲ್ಲಿ ಬಸ್ಸಿನ ಹೊತ್ತು ಕಳೆಯಿರಿ. ಕೈಗೆ ಸಿಗುವುದು ನೋಡುವ ಹೊತ್ತು.

ಒಂದು ಅಪವಾದ ಇದೆ. ಕೆಲವು ಹಡಗುಗಳು ಬೆಲೀಜ್ ನಗರಕ್ಕೆ ಬರುವುದೇ ಇಲ್ಲ, ದಕ್ಷಿಣದ ಹಾರ್ವೆಸ್ಟ್ ಕೇ ಎಂಬ ದ್ವೀಪಕ್ಕೆ ಹೋಗುತ್ತವೆ. ಅಲ್ಲಿ ಹಡಗುಕಟ್ಟೆ ಇದೆ, ಟೆಂಡರ್ ಬೇಡ. ಆದರೆ ನಾನು ಮುಂದೆ ಹೇಳುವ ಜಾಗಗಳೆಲ್ಲ ಅಲ್ಲಿಂದ ದೂರ. ಅಲ್ಲಿ ಇಳಿಯುವವರು ನಿಮ್ ಲಿ ಪುನಿತ್ ಎಂಬ ಪಾಳು ಊರನ್ನು ಕೇಳಿ ನೋಡಿ, ಎತ್ತರದ ಶಾಸನಕಲ್ಲುಗಳಿಗೆ ಹೆಸರಾದ ಜಾಗ. ಟಿಕೆಟ್ ಮೇಲೆ ಬರೀ "ಬೆಲೀಜ್" ಎಂದಿದ್ದರೆ ಯಾವ ಬೆಲೀಜ್ ಎಂದು ಖಚಿತ ಮಾಡಿಕೊಳ್ಳಿ.

ಈಗ ನನ್ನ ಅಸಲು ಮಾತಿಗೆ ಬರುತ್ತೇನೆ. ಜನ "ನಾನು ಪ್ರಕೃತಿಪ್ರಿಯ", "ನನಗೆ ಇತಿಹಾಸದ ಹುಚ್ಚು" ಎಂದು ಸ್ವಭಾವ ನೋಡಿ ಆರಿಸುತ್ತಾರೆ. ಕ್ರೂಸಿನ ನಿಲ್ದಾಣದಲ್ಲಿ ಸ್ವಭಾವಕ್ಕಿಂತ ಹೊತ್ತು ಮುಖ್ಯ. ನೀವು ಕಾಡು ಮುಟ್ಟುವುದು ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ. ಬಸ್ಸಿನಿಂದ ನಲವತ್ತು ಜನ ಮಾತಾಡುತ್ತಾ ಇಳಿಯುತ್ತೀರಿ. ಆ ಬಿಸಿಲಿನಲ್ಲಿ ಹಕ್ಕಿಗಳು ದನಿ ಅಡಗಿಸಿರುತ್ತವೆ, ಕೋತಿಗಳು ಎತ್ತರದ ಕೊಂಬೆಯಲ್ಲಿ ಮಲಗಿರುತ್ತವೆ, ಜಾಗ್ವಾರ್ ಅಂತೂ ಆ ಜಿಲ್ಲೆಯಲ್ಲೇ ಇರುವುದಿಲ್ಲ. ಜಾಗ್ವಾರ್‌ಗೆಂದೇ ಬೆಲೀಜ್‌ನವರು ಕಾಕ್ಸ್‌ಕೋಂಬ್ ಎಂಬ ಅಭಯಾರಣ್ಯ ಮಾಡಿದ್ದಾರೆ, ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿಗೆ ಹೋಗಿ ರಾತ್ರಿ ತಂಗಿದವರಿಗೂ ಸಿಗುವುದು ಹೆಚ್ಚಿನಂಶ ಹೆಜ್ಜೆಗುರುತು. ಬ್ರೋಷರಿನ ಚಿತ್ರ ನೋಡಿ ಆಸೆಪಟ್ಟರೆ ತಪ್ಪು ಜಾಗ್ವಾರಿನದಲ್ಲ.

ಕಲ್ಲು ಹಾಗಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೂ ಇರುತ್ತದೆ, ನಲವತ್ತು ಜನ ಹೋದರೂ ಓಡಿಹೋಗುವುದಿಲ್ಲ. ಹಾಗಾದರೆ ಗುಹೆ? ಗುಹೆಯೂ ಕಲ್ಲೇ ತಾನೇ. ಅದೂ ಹೊತ್ತು ನೋಡುವುದಿಲ್ಲ. ಆದ್ದರಿಂದ ಪ್ರಕೃತಿ ಒಂದು ಕಡೆ, ಪಾಳು ಇನ್ನೊಂದು ಕಡೆ ಎಂದು ಬ್ರೋಷರ್ ಎಳೆದ ಗೆರೆಯನ್ನು ನಾನು ಬೇರೆ ಕಡೆ ಎಳೆಯುತ್ತೇನೆ. ನಿಂತಲ್ಲೇ ಇರುವ ಸಂಗತಿಗಳನ್ನು ಆರಿಸಿ. ಓಡಾಡುವ ಸಂಗತಿಗಳನ್ನು ಬೆಲೀಜ್‌ನಲ್ಲೇ ಉಳಿದುಕೊಳ್ಳುವ ಇನ್ನೊಂದು ಪ್ರವಾಸಕ್ಕೆ ಬಿಡಿ.

ಈ ಲೆಕ್ಕದಲ್ಲಿ ಗೆಲ್ಲುವ ಮೊದಲ ಜಾಗ ಅಲ್ತುನ್ ಹಾ ಎಂಬ ಮಾಯಾ ಪಾಳು ನಗರ. ಬೆಲೀಜ್ ನಗರದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರು, ಬಸ್ಸಿನಲ್ಲಿ ಒಂದು ಗಂಟೆ. ಹಳೆಯ ಹೆದ್ದಾರಿಗೆ ತಿರುಗಿದ ಮೇಲೆ ರಸ್ತೆ ಕಿರಿದು, ಸೊಂಟನೋವಿನವರು ಬಸ್ಸಿನ ಮುಂದಿನ ಸೀಟು ಹಿಡಿಯಿರಿ. ಎರಡು ದೊಡ್ಡ ಅಂಗಳಗಳು, ಅವುಗಳ ಸುತ್ತ ದೇಗುಲಗಳು. ಇಡೀ ಜಾಗವನ್ನು ಒಂದೂವರೆ ಗಂಟೆಯಲ್ಲಿ ಆರಾಮವಾಗಿ ಸುತ್ತಬಹುದು. ಅತಿ ಎತ್ತರದ ದೇಗುಲ ಸುಮಾರು 16 ಮೀಟರು. ಬೆಲೀಜ್‌ನ ಬಿಯರ್ ಬಾಟಲಿಯ ಮೇಲೆ ಇರುವ ಚಿತ್ರ ಇದರದೇ. ಹಾಗಾಗಿ ಅಲ್ಲಿಗೆ ಹೋಗದವರೂ ಇದನ್ನು ನೋಡಿಯೇ ಇರುತ್ತಾರೆ.

ಬೇಲೂರು ಹಳೇಬೀಡು ನೋಡಿ ಬೆಳೆದ ನಮಗೆ ಅಲ್ಲಿ ಮೊದಲು ನಿರಾಸೆ ಆಗುತ್ತದೆ. "ಕೆತ್ತನೆ ಎಲ್ಲಿ ಸ್ವಾಮಿ?" ಎಂದು ಕೇಳುತ್ತೇವೆ. ಹೊಯ್ಸಳರ ಶಿಲ್ಪಿಗೆ ಬಳಪದ ಕಲ್ಲು ಇತ್ತು, ಉಕ್ಕಿನ ಉಳಿ ಇತ್ತು. ಮಾಯಾ ಕೆಲಸಗಾರನ ಕೈಯಲ್ಲಿ ಲೋಹದ ಉಪಕರಣ ಇರಲಿಲ್ಲ, ಭಾರ ಎಳೆಯುವ ಎತ್ತು ಇರಲಿಲ್ಲ, ಗಾಡಿಯೂ ಇರಲಿಲ್ಲ. ಚರ್ಟ್ ಎಂಬ ಗಟ್ಟಿ ಕಲ್ಲನ್ನು ಒಡೆದು ಮಾಡಿದ ಉಳಿ ಕೊಡಲಿಗಳಲ್ಲೇ ಎಲ್ಲ ಕೆಲಸ. ಉತ್ತರ ಬೆಲೀಜ್‌ನ ಕೊಲ್ಹಾ ಎಂಬ ಊರು ಅಂಥ ಉಪಕರಣಗಳನ್ನು ರಾಶಿರಾಶಿ ತಯಾರಿಸುತ್ತಿದ್ದ ಕಾರ್ಖಾನೆಯಂತೆಯೇ ಇತ್ತು. ಮೆತ್ತನೆಯ ಸುಣ್ಣಕಲ್ಲಿನ ಗೋಡೆ, ಒಳಗೆ ಕಲ್ಲುಮಣ್ಣಿನ ತುಂಬು, ಮೇಲೆ ದಪ್ಪ ಸುಣ್ಣದ ಗಾರೆ, ಗಾರೆಯ ಮೇಲೆ ಬಣ್ಣ. ಅಲಂಕಾರ ಇದ್ದದ್ದು ಗಾರೆಯಲ್ಲಿ. ಸಾವಿರ ವರ್ಷದ ಮಳೆಗೆ ಅದು ಉದುರಿಹೋಯಿತು. ನಾವು ಇಂದು ನೋಡುವುದು ಗಾರೆ ಕಳಚಿದ ಮೈ. ಬಿಸಿಲಿನಲ್ಲಿ ಬೂದುಬಣ್ಣದ ಮೆಟ್ಟಿಲು ನೋಡುವಾಗ ಅದರ ಮೇಲೆ ಬಿಳಿ ಗಾರೆ, ಕೆಂಪು ಬಣ್ಣ ಹಚ್ಚಿ ನೋಡುವ ಕೆಲಸ ನಿಮ್ಮ ತಲೆಗೆ ಸೇರಿದ್ದು.

ಇನ್ನೊಂದು ಸಂಗತಿ ಕಟ್ಟಡದವನಾಗಿ ನನಗೆ ಬಹಳ ಇಷ್ಟ. ಆ ಎತ್ತರದ ದೇಗುಲವನ್ನು ಒಮ್ಮೆಗೇ ಕಟ್ಟಿದ್ದಲ್ಲ. ಒಂದು ಕಾಲದ ದೇಗುಲವನ್ನು ಕೆಡವದೆ, ಅದನ್ನೇ ಒಳಗಿಟ್ಟುಕೊಂಡು, ಮೇಲೆ ಇನ್ನೊಂದು ಕಟ್ಟಿದ್ದಾರೆ. ಹೀಗೇ ಮತ್ತೆ ಮತ್ತೆ. ಹೊಸದನ್ನು ಕಟ್ಟುವ ಮುನ್ನ ತುದಿಯ ದುಂಡು ಬಲಿಪೀಠದ ಬಳಿ ಜೇಡ್ ಎಂಬ ಹಸಿರು ಕಲ್ಲಿನ ಮಣಿಗಳನ್ನು, ಪದಕಗಳನ್ನು ಒಡೆದು ಚೂರು ಮಾಡಿ, ಕೋಪಾಲ್ ಎಂಬ ಧೂಪದ ಅಂಟಿನೊಂದಿಗೆ ಬೆಂಕಿಗೆ ಹಾಕಿದ್ದಾರೆ. ಜೇಡ್ ಅಂದರೆ ಅವರಿಗೆ ಚಿನ್ನಕ್ಕಿಂತ ಹೆಚ್ಚು. ಅದು ಅಲ್ಲಿ ಸಿಗುವ ಕಲ್ಲೂ ಅಲ್ಲ, ಇಂದಿನ ಗ್ವಾಟೆಮಾಲಾದ ಮೊಟಾಗುವಾ ಕಣಿವೆಯಿಂದ ಬರಬೇಕು. ಅಷ್ಟು ದೂರದಿಂದ ತಂದದ್ದನ್ನು ಒಡೆದು ಸುಡುವಷ್ಟು ಸಿರಿತನ ಈ ಸಣ್ಣ ಊರಿಗೆ ಎಲ್ಲಿಂದ ಬಂತು? ಸಮುದ್ರ ಹತ್ತಿರ. ಶಂಖ, ಚಿಪ್ಪು, ಉಪ್ಪು, ಕಲ್ಲಿನ ಉಪಕರಣ ಎಲ್ಲ ಆ ಕರಾವಳಿಯಲ್ಲೇ ಓಡಾಡುತ್ತಿದ್ದ ಸರಕು. ಮಧ್ಯ ಮೆಕ್ಸಿಕೋದಿಂದ ಬಂದ ಹಸಿರು ಗಾಜುಗಲ್ಲು ಕೂಡ ಇಲ್ಲಿನ ಒಂದು ಗೋರಿಯಲ್ಲಿ ಸಿಕ್ಕಿದೆ. ಅರಮನೆ ರಾಜಕೀಯಕ್ಕಿಂತ ಸಂತೆಯ ಲೆಕ್ಕ ಬಲ್ಲವರ ಊರು ಎಂದು ನನಗನಿಸುತ್ತದೆ.

ಕೆನಡಾದ ರಾಯಲ್ ಆಂಟಾರಿಯೋ ಮ್ಯೂಸಿಯಮ್ಮಿನ ಡೇವಿಡ್ ಪೆಂಡರ್‌ಗಾಸ್ಟ್ ಇಲ್ಲಿ 1964ರಿಂದ ಅಗೆದರು. 1968ರಲ್ಲಿ ಆ ಎತ್ತರದ ದೇಗುಲದೊಳಗಿನ ಗೋರಿಯೊಂದರಲ್ಲಿ, ವಯಸ್ಸಾದ ಗಂಡಸೊಬ್ಬನ ಅಸ್ಥಿಯ ಜೊತೆ, ಸೂರ್ಯದೇವ ಕಿನಿಚ್ ಅಹಾವ್‌ನ ಜೇಡ್ ತಲೆ ಸಿಕ್ಕಿತು. ಎತ್ತರ ಹದಿನೈದು ಸೆಂಟಿಮೀಟರಿಗೆ ಒಂದಿಷ್ಟು ಕಡಿಮೆ, ತೂಕ 4.42 ಕಿಲೋ. ಮಾಯಾ ಜಗತ್ತಿನಲ್ಲಿ ಸಿಕ್ಕಿರುವ ಜೇಡ್ ಕೆತ್ತನೆಗಳಲ್ಲಿ ಇದೇ ಅತಿ ದೊಡ್ಡದು ಎನ್ನುತ್ತಾರೆ. ಬೆಲೀಜ್‌ನ ನೋಟುಗಳ ಮೇಲೆ ಅದರ ಚಿತ್ರ ಇದೆ. ಚಿಲ್ಲರೆ ಕೊಡುವಾಗ ನೋಡಿ. ಅಲ್ಲಿ ಡಾಲರೂ ನಡೆಯುತ್ತದೆ, ಒಂದು ಅಮೆರಿಕನ್ ಡಾಲರಿಗೆ ಎರಡು ಬೆಲೀಜ್ ಡಾಲರು, ಲೆಕ್ಕ ಸಲೀಸು. ಬೆಲೆ ಕೇಳುವಾಗ ಮಾತ್ರ ಯಾವ ಡಾಲರು ಎಂದು ಕೇಳಿ.

ಇನ್ನು ಗುಹೆ. ನಿಮ್ಮ ಮಕ್ಕಳು ಕುಣಿಯುತ್ತಿರುವುದು ಇದಕ್ಕೆ. ನಗರದಿಂದ ಪಶ್ಚಿಮಕ್ಕೆ ಒಂದು ಗಂಟೆಗೂ ಮೇಲಿನ ಹಾದಿ. ಅಲ್ಲಿ ಹೆಲ್ಮೆಟ್ಟು, ತಲೆದೀಪ, ಲೈಫ್ ಜಾಕೆಟ್ ಹಾಕಿ, ಗಾಳಿ ತುಂಬಿದ ಟ್ಯೂಬು ಹೊತ್ತು ಕಾಡಿನಲ್ಲಿ ಅರ್ಧ ಮುಕ್ಕಾಲು ಗಂಟೆ ನಡೆಸುತ್ತಾರೆ. ಆಮೇಲೆ ಕೇವ್ಸ್ ಬ್ರಾಂಚ್ ಎಂಬ ನದಿಯಲ್ಲಿ ಟ್ಯೂಬಿನ ಮೇಲೆ ಒರಗಿ ಸುಣ್ಣಕಲ್ಲಿನ ಗುಹೆಗಳೊಳಗೆ ತೇಲಿ ಬರುವುದು. ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಕ್ರೂಸ್ ಕಂಪನಿಗಳು ಪ್ರಕೃತಿಯ ಸಾಲಿನಲ್ಲಿ ಇಟ್ಟಿರುವ ಈ ಜಾಗ ಸರ್ಕಾರದ ದಾಖಲೆಯಲ್ಲಿ ಪುರಾತತ್ವ ಮೀಸಲು ಪ್ರದೇಶ: ನೊಹೋಚ್ ಚೆಎನ್ ಕೇವ್ಸ್ ಬ್ರಾಂಚ್. ಮಾಯಾ ಜನರಿಗೆ ಗುಹೆ ಎಂದರೆ ಪಾತಾಳದ ಬಾಗಿಲು, ಶಿಬಲ್ಬಾ ಎಂಬ ಲೋಕಕ್ಕೆ ಇಳಿಯುವ ದಾರಿ. ಮಳೆದೇವರಿಗೆ ಸಲ್ಲಬೇಕಾದದ್ದು ಅಲ್ಲೇ ಸಲ್ಲಬೇಕು. ಈ ಭಾಗದ ಗುಹೆಗಳಲ್ಲಿ ಮಡಕೆ, ಮೂಳೆ ಸಿಕ್ಕಿರುವುದು ಅದಕ್ಕೇ. ನೀವು ಟ್ಯೂಬಿನ ಮೇಲೆ ಮಲಗಿ "ವಾವ್" ಎನ್ನುತ್ತಾ ಹೋಗುವುದು ಒಂದು ದೇವಸ್ಥಾನದೊಳಗೆ. ಗೈಡು ಇದನ್ನು ಹೇಳದಿದ್ದರೆ ನೀವೇ ಕೇಳಿ, ಗೊತ್ತಿರುವವರು ಬಹಳ ಜನ ಇದ್ದಾರೆ, ಕೇಳುವವರಿಲ್ಲ ಅಷ್ಟೇ. ಇಂಗ್ಲಿಷ್ ಅಲ್ಲಿನ ಆಡಳಿತ ಭಾಷೆ, ಮಾತಿಗೆ ಅಡ್ಡಿಯಿಲ್ಲ.

ಗುಹೆಗೂ ಪಾಳಿಗೂ ಇರುವ ಇನ್ನೊಂದು ನಂಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಊರುಗಳನ್ನು ಜನ ಯಾಕೆ ಬಿಟ್ಟುಹೋದರು ಎಂದು ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಬಹುಪಾಲು ಸಿಕ್ಕಿದ್ದು ಗುಹೆಯಲ್ಲಿ. ದಕ್ಷಿಣ ಬೆಲೀಜ್‌ನ ಯೋಕ್ ಬಲುಮ್ ಎಂಬ ಗುಹೆಯ ನೆಲದಿಂದ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬವೊಂದನ್ನು ವಿಜ್ಞಾನಿಗಳು ಕೊಯ್ದು, ಪದರ ಪದರವಾಗಿ ಪರೀಕ್ಷಿಸಿದರು. ಮಳೆ ಹೆಚ್ಚಾದ ವರ್ಷ, ಕಡಿಮೆಯಾದ ವರ್ಷ ಆ ಪದರಗಳ ರಸಾಯನದಲ್ಲಿ ಬೇರೆ ಬೇರೆಯಾಗಿ ಉಳಿದಿರುತ್ತದೆ. ಎರಡು ಸಾವಿರ ವರ್ಷದ ಮಳೆಯ ಲೆಕ್ಕ ಹೀಗೆ ಸಿಕ್ಕಿತು, 2012ರಲ್ಲಿ ಪ್ರಕಟವಾಯಿತು. ಕ್ರಿ.ಶ. 440ರಿಂದ 660ರವರೆಗೆ ಒಳ್ಳೆಯ ಮಳೆಯ ಕಾಲ. ಜನ ಹೆಚ್ಚಿದರು, ಊರು ಬೆಳೆದವು. ಆ ಜೇಡ್ ತಲೆ ಗೋರಿಗೆ ಹೋದದ್ದು ಹೆಚ್ಚುಕಡಿಮೆ ಈ ಸುಭಿಕ್ಷದ ಕೊನೆಯಲ್ಲಿ. 660ರ ನಂತರ ಮಳೆ ಇಳಿಮುಖ. ರಾಜ್ಯಗಳು ಒಡೆದವು, ಯುದ್ಧಗಳು ಹೆಚ್ಚಿದವು, ಕೊನೆಗೆ 1020ರಿಂದ 1100ರ ನಡುವಿನ ದೀರ್ಘ ಬರ. ಅಲ್ತುನ್ ಹಾದಲ್ಲಿ ಕೊನೆಗಾಲದಲ್ಲಿ ಕೆಲವು ಗೋರಿಗಳನ್ನು ಒಡೆದುಹಾಕಿದ ಗುರುತುಗಳಿವೆ. ಮಳೆ ತರಿಸುತ್ತೇನೆಂದ ದೊರೆ ಮಳೆ ತರಿಸಲಿಲ್ಲವೆಂದರೆ ಜನ ಏನು ಮಾಡುತ್ತಾರೆ? ಆ ಸಿಟ್ಟಿಗೇ ಗೋರಿ ಒಡೆದರು ಎಂಬುದು ನನ್ನ ಊಹೆ, ಪುರಾತತ್ವದವರ ತೀರ್ಪಲ್ಲ.

ಅಲ್ಲಿಂದ ಲಮನಾಯ್ ಎಂಬ ಊರಿಗೆ ಬರುತ್ತೇನೆ. ಬೇರೆ ಊರುಗಳು ಬರಿದಾದಾಗಲೂ ಇದು ಉಳಿಯಿತು. ದೊಡ್ಡದೊಂದು ಸರೋವರದಂಥ ಹಿನ್ನೀರಿನ ದಡದಲ್ಲಿದೆ, ನೀರಿಗೆ ಬರ ಬರಲಿಲ್ಲ. ಕ್ರಿಸ್ತಪೂರ್ವದಿಂದ ಹಿಡಿದು ಸ್ಪೇನಿನವರು ಬಂದು ಚರ್ಚು ಕಟ್ಟುವ ತನಕ ಅಲ್ಲಿ ಜನವಾಸ ಇತ್ತು. ಆ ಚರ್ಚುಗಳ ಗೋಡೆಗಳೂ ಇವೆ, ಹತ್ತೊಂಬತ್ತನೆಯ ಶತಮಾನದ ಸಕ್ಕರೆ ಗಿರಣಿಯೂ ಕಾಡಿನೊಳಗೆ ಬಿದ್ದಿದೆ, ಅದರ ಕಬ್ಬಿಣದ ಚಕ್ರಕ್ಕೆ ಬೇರುಗಳು ಸುತ್ತಿಕೊಂಡಿವೆ. ಎತ್ತರದ ದೇಗುಲ 33 ಮೀಟರು. ಇನ್ನೊಂದರ ಗೋಡೆಯಲ್ಲಿ ಆಳೆತ್ತರಕ್ಕೂ ಮಿಗಿಲಾದ ಮುಖವಾಡಗಳು. ನೀವು ಕಾಣುವುದು ಅದರ ಪ್ರತಿರೂಪ, ಅಸಲಿಯನ್ನು ಮಳೆಯಿಂದ ಕಾಪಾಡಲು ಹಿಂದೆ ಮುಚ್ಚಿಟ್ಟಿದ್ದಾರೆ. ಈ ಏರ್ಪಾಡು ಸರಿ ಎಂದೇ ನನ್ನ ಅಭಿಪ್ರಾಯ.

ಲಮನಾಯ್‌ನ ಸೊಗಸು ಹೋಗುವ ದಾರಿಯಲ್ಲಿದೆ. ಬಸ್ಸಿನಲ್ಲಿ ಒರೆಂಜ್ ವಾಕ್ ಕಡೆಗೆ ಹೋಗಿ, ಅಲ್ಲಿಂದ ನ್ಯೂ ರಿವರ್ ನದಿಯಲ್ಲಿ ಸುಮಾರು 40 ಕಿಲೋಮೀಟರು ಮೋಟಾರು ದೋಣಿ. ನಾನು ಆಗಲೇ ಹಕ್ಕಿ ಸಿಗುವುದಿಲ್ಲ ಎಂದೆನಲ್ಲ, ನದಿಯಲ್ಲಿ ಆ ಮಾತು ಸ್ವಲ್ಪ ಸಡಿಲವಾಗುತ್ತದೆ. ನೀರಹಕ್ಕಿಗಳು ಬಿಸಿಲಿಗೂ ಮೀನಿಗೆ ಕಾದು ನಿಲ್ಲುತ್ತವೆ, ಮೊಸಳೆ ಬಿಸಿಲು ಕಾಯಿಸಲೆಂದೇ ದಡಕ್ಕೆ ಬರುತ್ತದೆ, ಮರದ ಬೊಡ್ಡೆಗೆ ಸಾಲಾಗಿ ಅಂಟಿ ನಿದ್ರಿಸುವ ಪುಟ್ಟ ಬಾವಲಿಗಳನ್ನು ದೋಣಿಯವರು ಕರಾರುವಾಕ್ಕಾಗಿ ತೋರಿಸುತ್ತಾರೆ. ಪಾಳಿನ ಮರಗಳಲ್ಲಿ ಕಪ್ಪು ಊಳುಕೋತಿಗಳಿವೆ. ಅವು ಕೂಗಿದರೆ ಕಾಣಬೇಕೆಂದೇ ಇಲ್ಲ, ಮೈ ಜುಮ್ಮೆನ್ನುತ್ತದೆ. ಹೀಗೆ ಎರಡೂ ಒಟ್ಟಿಗೆ ಸಿಗುವ ಜಾಗ ಇದೊಂದೇ. ಬೆಲೆ ಕೊಡಬೇಕಾದದ್ದು ಹೊತ್ತಿನಲ್ಲಿ: ಇಡೀ ದಿನ ಇದಕ್ಕೇ ಹೋಗುತ್ತದೆ, ಅದರಲ್ಲಿ ಪಾಳಿನ ನಡುವೆ ಇರುವುದು ಒಂದೂವರೆ ಗಂಟೆ ಇದ್ದರೆ ಹೆಚ್ಚು. ಹಡಗು ಬೆಲೀಜ್‌ನಲ್ಲಿ ತಡವಾಗಿ ನಿಂತು ಬೇಗ ಹೊರಡುವುದಾದರೆ ಲಮನಾಯ್ ಹೆಸರೇ ಎತ್ತಬೇಡಿ.

"ಗುಹೆ ಜೊತೆಗೆ ಅಲ್ತುನ್ ಹಾ" ಎಂಬ ಜೋಡಿ ಪ್ಯಾಕೇಜೂ ಮಾರಾಟಕ್ಕಿದೆ. ಮನೆಯ ಜಗಳ ಬಗೆಹರಿಯಿತು ಎಂದು ಅದನ್ನು ಕೊಳ್ಳುವವರೇ ಹೆಚ್ಚು. ನಕ್ಷೆ ನೋಡಿ: ಒಂದು ಉತ್ತರಕ್ಕೆ, ಒಂದು ಪಶ್ಚಿಮಕ್ಕೆ. ಎರಡೂ ನೋಡುತ್ತೇನೆಂದವರು ಹೆಚ್ಚಾಗಿ ಬಸ್ಸನ್ನು ನೋಡುತ್ತಾರೆ. ಗ್ವಾಟೆಮಾಲಾ ಗಡಿಯ ಶುನಾನ್ತುನಿಚ್ ಎಂಬ ಪಾಳು ನಗರದ್ದೂ ಅದೇ ಕತೆ. ಜಾಗ ಬಹಳ ಸುಂದರ, ಆದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಒಂದೇ ಬಸ್ಸಿಗೆ ಎಲ್ಲರೂ ಹತ್ತಲೇಬೇಕು ಎಂಬ ಹಟ ಯಾಕೆ? ಅಪ್ಪ ಅಲ್ತುನ್ ಹಾಗೆ ಹೋಗಲಿ, ಮಗ ಮೊಮ್ಮಗ ಗುಹೆಗೆ ಹೋಗಲಿ, ರಾತ್ರಿ ಊಟದ ಮೇಜಿನಲ್ಲಿ ಮಾತಾಡಲು ಎರಡು ಕತೆ ಇರುತ್ತದೆ.

ಊಟದ ಮಾತು ಬಂತು. ಅಲ್ಲಿನ ಮನೆಮಾತಿನಂಥ ಊಟ ಅನ್ನ ಮತ್ತು ಬೀನ್ಸ್, ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಪರಿಮಳ ನಮ್ಮ ಕರಾವಳಿಯವರಿಗೆ ಹಿಡಿಸುತ್ತದೆ. ಸಸ್ಯಾಹಾರಿಗಳು ಎಚ್ಚರ, ಬೀನ್ಸಿಗೆ ಹಂದಿಯ ಬಾಲದ ತುಂಡು ಹಾಕುವ ರೂಢಿ ಇದೆ, ಬಡಿಸುವ ಮೊದಲೇ ಕೇಳಿ. ಫ್ರೈ ಜ್ಯಾಕ್ ಎಂದು ಪೂರಿಯ ತಮ್ಮನಂಥದ್ದೊಂದು ಕೊಡುತ್ತಾರೆ. ಕ್ಯಾರೆಟ್ ಮತ್ತು ಹಬನೆರೊ ಮೆಣಸಿನ ಖಾರದ ಸಾಸ್ ಬಾಟಲಿ ಎಲ್ಲ ಮೇಜಿನ ಮೇಲೂ ಇರುತ್ತದೆ. ಆಂಧ್ರದ ಸೊಸೆ ಇರುವ ಮನೆಯವರು ಎರಡು ಬಾಟಲಿ ಕೊಳ್ಳಿ.

ಸಭಿಕರ ಪ್ರಶ್ನೆಗಳು:

ಮುಂದಿನ ಸಾಲಿನಲ್ಲಿದ್ದ ಹಿರಿಯ ತಾಯಿಯೊಬ್ಬರು: "ನನಗೆ ಮಂಡಿನೋವು, ಮೆಟ್ಟಿಲು ಆಗಲ್ಲ. ನಾನು ಹಡಗಲ್ಲೇ ಇರಬೇಕಾ?"

ಖಂಡಿತ ಬೇಡಮ್ಮ. ಟೆಂಡರ್ ಹತ್ತಿ ಇಳಿಯುವುದು ನಿಮ್ಮಿಂದ ಆದರೆ ಎರಡು ದಾರಿ ಇದೆ. ಅಲ್ತುನ್ ಹಾದ ಅಂಗಳ ಸಮತಟ್ಟು ಹುಲ್ಲುನೆಲ, ದೇಗುಲ ಹತ್ತದೆಯೂ ಚೆನ್ನಾಗಿ ಕಾಣುತ್ತದೆ. ಕೊಡೆ, ಟೋಪಿ, ನೀರು ಮರೆಯಬೇಡಿ. ಅಷ್ಟು ದೂರ ಬೇಡವೆಂದರೆ ನಗರದಲ್ಲೇ ಬೆಲೀಜ್ ಮ್ಯೂಸಿಯಮ್ಮಿದೆ. 1857ರಲ್ಲಿ ಕಟ್ಟಿದ ಜೈಲು ಅದು, 2002ರಲ್ಲಿ ಮ್ಯೂಸಿಯಮ್ ಆಯಿತು. ಮಾಯಾ ವಸ್ತುಗಳ ಜೊತೆಗೆ ಹಳೆಯ ಜೈಲು ಕೋಣೆಯನ್ನೂ ಹಾಗೇ ಉಳಿಸಿದ್ದಾರೆ.

ಒಬ್ಬ ಯುವತಿ: "ಮಗಳಿಗೆ ಐದು ವರ್ಷ, ಪ್ರಾಣಿ ಅಂದ್ರೆ ಪ್ರಾಣ. ಕಲ್ಲು ತೋರಿಸಿದ್ರೆ ಅಳ್ತಾಳೆ."

ಬೆಲೀಜ್ ಝೂಗೆ ಕರೆದುಕೊಂಡು ಹೋಗಿ. ಝೂ ಎಂದರೆ ನಾನು ಸಾಮಾನ್ಯವಾಗಿ ಮೂಗು ಮುರಿಯುವವನು, ಇದು ಬೇರೆ. 1983ರಲ್ಲಿ ಶಾರನ್ ಮಟೋಲಾ ಎಂಬಾಕೆ, ಸಾಕ್ಷ್ಯಚಿತ್ರವೊಂದರ ಚಿತ್ರೀಕರಣ ಮುಗಿದು ಅನಾಥವಾದ ಪ್ರಾಣಿಗಳನ್ನು ಇಟ್ಟುಕೊಂಡು ಶುರುಮಾಡಿದ್ದು. ಇಲ್ಲಿರುವುದು ಆ ದೇಶದ ಪ್ರಾಣಿಗಳು ಮಾತ್ರ: ಜಾಗ್ವಾರ್, ಟೇಪಿರ್, ಬಣ್ಣದ ಕೊಕ್ಕಿನ ಟೂಕಾನ್. ಬ್ರೋಷರಿನ ಜಾಗ್ವಾರ್ ನಿಮಗೆ ಸಿಗುವುದು ಇಲ್ಲೇ. ಗುಹೆಯ ದಾರಿಯಲ್ಲೇ ಇದೆ, ದೂರವೂ ಕಡಿಮೆ.

ಹಿಂದಿನಿಂದ ಒಬ್ಬರು: "ಗುಹೆಗೆ ಯಾವ ತಿಂಗಳು ಒಳ್ಳೇದು?"

ಫೆಬ್ರವರಿ ಮಾರ್ಚ್. ಜೂನ್‌ನಿಂದ ನವೆಂಬರ್ ತನಕ ಮಳೆ, ಚಂಡಮಾರುತದ ಕಾಲವೂ ಅದೇ. ಜೋರು ಮಳೆ ಬಂದರೆ ನದಿ ಕೆಂಪಾಗಿ ಉಕ್ಕುತ್ತದೆ, ಗುಹೆಯ ದಾರಿ ಮುಚ್ಚುತ್ತಾರೆ. ಏಪ್ರಿಲ್ ಮೇ ಹೊತ್ತಿಗೆ ನೀರು ಇಳಿದು ಅಲ್ಲಲ್ಲಿ ಕಲ್ಲು ತಾಗುತ್ತದೆ, ಗೈಡು ಕೂಗಿದಾಗ ಸೊಂಟ ಎತ್ತಬೇಕಾಗುತ್ತದೆ. ಈಜು ಬರದವರೂ ಹೋಗಬಹುದು, ಆದರೆ ಕತ್ತಲೆ, ಇಕ್ಕಟ್ಟು ಆಗದವರಿಗೆ ಬೇಡ.

ಇನ್ನೊಬ್ಬರು: "ಅಲ್ಲಿ ನಮ್ಮ ಕಡೆಯವರು ಇದ್ದಾರಾ?"

ಭಾರತದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಹೋದವರ ವಂಶದವರು ಇದ್ದಾರೆ. ಉತ್ತರದ ಕೊರೊಸಾಲ್ ಜಿಲ್ಲೆಯಲ್ಲಿ ಕಲ್ಕತ್ತಾ ಎಂಬ ಹಳ್ಳಿಯೇ ಇದೆ. ದಕ್ಷಿಣದ ಟೊಲೆಡೊ ಜಿಲ್ಲೆಯಲ್ಲೂ ಇದ್ದಾರೆ. ಕ್ರೂಸಿನವರ ದಾರಿಯಲ್ಲಿ ಇವು ಬರುವುದಿಲ್ಲ. ಆದರೆ ನಿಮ್ಮ ಬಸ್ಸಿನ ಡ್ರೈವರ್‌ ಮುಖ ಪರಿಚಿತ ಎನಿಸಿದರೆ ಮಾತಾಡಿಸಿ ನೋಡಿ.

ಕೊನೆಯ ಪ್ರಶ್ನೆ, ಸಂಘಟಕರದು: "ಹಡಗಿನವರ ಟೂರ್ ತಗೋಬೇಕಾ, ಹೊರಗಿನವರದಾ?"

ಹೊರಗಿನವರದು ಅಗ್ಗ, ಗುಂಪೂ ಚಿಕ್ಕದು. ಪ್ರವಾಸೋದ್ಯಮ ಮಂಡಳಿಯ ಪರವಾನಗಿ ಇರುವ ಗೈಡನ್ನೇ ಹಿಡಿಯಿರಿ. ಅಲ್ತುನ್ ಹಾಗೆ ನಾನಾದರೆ ಹೊರಗಿನವರ ಜೊತೆ ಹೋಗುತ್ತೇನೆ. ಲಮನಾಯ್‌ನಂಥ ದೂರದ ಜಾಗಕ್ಕೆ ಹಡಗಿನವರದೇ ವಾಸಿ, ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಸ್ವಂತ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಕೈಗಡಿಯಾರದ ಬಗ್ಗೆ ಒಂದು ಮಾತು. ಬೆಲೀಜ್‌ನವರು ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ. ಚಳಿಗಾಲದಲ್ಲಿ ಅಲ್ಲಿಯ ಸಮಯ, ಗ್ಯಾಲ್ವೆಸ್ಟನ್ ಸಮಯ ಒಂದೇ. ಬೇಸಿಗೆಯಲ್ಲಿ ಅಲ್ಲಿ ಒಂದು ಗಂಟೆ ಹಿಂದೆ. ಕೊಸುಮೆಲ್, ಕೋಸ್ಟಾ ಮಾಯಾ ಇದಕ್ಕೆ ತಿರುಗುಮುರುಗು, ಬೇಸಿಗೆಯಲ್ಲಿ ನಮ್ಮ ಸಮಯವೇ, ಚಳಿಗಾಲದಲ್ಲಿ ಒಂದು ಗಂಟೆ ಮುಂದೆ. ಫೋನು ದಡದ ಟವರ್ ಹಿಡಿದು ತಾನೇ ಸಮಯ ಬದಲಿಸಿಬಿಡುತ್ತದೆ. ಇಳಿಯುವ ಮುನ್ನ ಹಡಗಿನ ಗಡಿಯಾರ ನೋಡಿ, ಮುಳ್ಳಿನ ವಾಚು ಒಂದನ್ನು ಅದಕ್ಕೆ ಹೊಂದಿಸಿ ಯಾರಾದರೊಬ್ಬರ ಕೈಗೆ ಕಟ್ಟಿ. ಕೊನೆಯ ಟೆಂಡರ್ ಎಷ್ಟು ಗಂಟೆಗೆ ಎಂಬುದನ್ನು ಆ ಸಮಯದಲ್ಲೇ ಬರೆದಿಟ್ಟುಕೊಳ್ಳಿ.